ಬಾಡಿಗೆ ಮನೆಯ ಜಗಳ ಭಾಷೆಯ ಜಗಳವಾಗದಿರಲಿ

ಹೊಸೂರಿನ ಸಿಪ್‌ಕಾಟ್ ಸುತ್ತಲಿನ ಸಾಲುಮನೆಯಾಗಲಿ, ಸೊಲ್ಲಾಪುರದ ಚಾಳಾಗಲಿ, ಬಾಡಿಗೆದಾರರ ಗೋಳು ಒಂದೇ. ಪಕ್ಕದ ಮನೆಯಲ್ಲಿ ನಡುರಾತ್ರಿಯವರೆಗೆ ಹಾಡಿನ ಅಬ್ಬರ, ಮೆಟ್ಟಿಲ ಮೇಲೆ ಕುಡಿತ, ನೀರಿಗೆ ಹೋಗುವ ಹೆಣ್ಣುಮಕ್ಕಳ ಮೇಲೆ ಕೊಂಕು ಮಾತು. ಕೇಳಲು ಹೋದರೆ ಮಾತು ದಿಕ್ಕು ತಪ್ಪುತ್ತದೆ: "ನೀವು ಯಾವ ಕಡೆಯವರು?" ಅಲ್ಲಿಗೆ ಗದ್ದಲದ ದೂರು ಭಾಷೆಯ ಜಗಳವಾಗಿಬಿಡುತ್ತದೆ. ನಾವೂ ಇದಕ್ಕೆ ಹೊರತಲ್ಲ. ದೂರದ ರಾಜ್ಯದ ಕಾರ್ಮಿಕ ಹುಡುಗರು ಪಕ್ಕಕ್ಕೆ ಬಂದರೆ, ಅವರು ಸಾಮಾನು ಇಳಿಸುವ ಮೊದಲೇ ಗೊಣಗುವವರು ನಮ್ಮಲ್ಲೂ ಇದ್ದಾರೆ.

ಕಾನೂನು ನೋಡುವುದು ನಡತೆಯನ್ನು, ಊರನ್ನಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 16ನೇ ಕಲಮಿನಂತೆ, ನೆರೆಯವರಿಗೆ ಉಪದ್ರವ ಕೊಡುವ ಬಾಡಿಗೆದಾರನನ್ನು ಮಾಲೀಕರು ನ್ಯಾಯಾಲಯದ ಮೂಲಕ ಬಿಡಿಸಬಹುದು. ಅಂದರೆ ದೊಡ್ಡ ಅಸ್ತ್ರ ಇರುವುದು ಮಾಲೀಕರ ಕೈಯಲ್ಲಿ. ಆದರೆ ತಿಂಗಳ ಬಾಡಿಗೆ ಸರಿಯಾಗಿ ಬರುತ್ತಿದ್ದರೆ ಅವರು ಆ ಗೋಜಿಗೆ ಹೋಗುವುದಿಲ್ಲ. ದೂರು ಹೇಳಿದವರಿಗೇ "ಕಷ್ಟವಾದರೆ ನೀವು ಖಾಲಿ ಮಾಡಿ" ಎನ್ನುತ್ತಾರೆ. ಕರಾರು ಪತ್ರವಿಲ್ಲದ ಕುಟುಂಬ ಅಲ್ಲಿಗೆ ಬಾಯಿ ಮುಚ್ಚುತ್ತದೆ.

ನಮ್ಮ ದೃಷ್ಟಿಯಲ್ಲಿ ಸಮಸ್ಯೆಯ ಬೇರು ಇಲ್ಲಿದೆ. ಬಾಯಿಮಾತಿನ ಬಾಡಿಗೆ ಅಗ್ಗವೆನಿಸುತ್ತದೆ, ಕಷ್ಟಕಾಲದಲ್ಲಿ ಕೈಕೊಡುತ್ತದೆ. ಮಹಾರಾಷ್ಟ್ರದಲ್ಲಿ ಕರಾರು ಲಿಖಿತವಾಗಿ ನೋಂದಣಿಯಾಗಬೇಕು, ಅದನ್ನು ಮಾಡಿಸುವ ಹೊಣೆ ಮಾಲೀಕರದು. ತಮಿಳುನಾಡಿನಲ್ಲಿ 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದ 2017ರ ಕಾಯ್ದೆಯೂ ಲಿಖಿತ ಕರಾರು ಮತ್ತು ನೋಂದಣಿಯನ್ನು ಕೇಳುತ್ತದೆ. ಸಿಟ್ಟಿಗೆ ನೀರು, ಕರೆಂಟು ಕಡಿಯುವುದಕ್ಕೂ ಎರಡೂ ಕಡೆ ಕಾನೂನಿನ ತಡೆಯಿದೆ.

ಮೊದಲು ನೆರೆಯವರ ಜೊತೆ ಸಮಾಧಾನದಿಂದ ಮಾತಾಡಿ. ಆಗದಿದ್ದರೆ ದಿನಾಂಕ, ಸಮಯ, ನಡೆದದ್ದನ್ನು ಬರೆದಿಟ್ಟು ಮಾಲೀಕರಿಗೆ ಲಿಖಿತವಾಗಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಅಕ್ಕಪಕ್ಕದ ಮನೆಯವರೂ ಸಹಿ ಹಾಕಿದರೆ ಬಲ ಹೆಚ್ಚು. ಬೆದರಿಕೆ, ಹೊಡೆದಾಟವಾದರೆ ಕಾಯಬೇಡಿ, 112ಕ್ಕೆ ಕರೆ ಮಾಡಿ.

ಭಾಷೆ ಬಾರದೆಂದು ಹಿಂಜರಿಯುವ ಹಿರಿಯರಿಗೆ ಒಂದು ಮಾತು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಅಹವಾಲು ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಕನ್ನಡದಲ್ಲೇ ಬರೆಯಬಹುದು. ಕೆಲಸ ಬೇಗ ಆಗಲು ತಮಿಳು ಅಥವಾ ಮರಾಠಿ ಪ್ರತಿಯನ್ನೂ ಜೊತೆಗಿಡುವುದು ಜಾಣತನ.

ಕರಾರು ಪತ್ರ ಓದಿ ಅರ್ಥ ಹೇಳಬಲ್ಲ ಸದಸ್ಯರು ಪ್ರತಿ ಊರಿನಲ್ಲೂ ನಮ್ಮ ನಡುವೆ ಇದ್ದಾರೆ. ಸಹಿ ಹಾಕುವ ಮೊದಲೇ ಅವರನ್ನು ಕೇಳಿ. ಪಕ್ಕದ ಮನೆಯವರು ಬೇರೆ ಭಾಷೆಯವರಾದರೆ ಅವರಿಗೂ ಅದೇ ನೆರವು ಕೊಡೋಣ. ಗಡಿಯಲ್ಲಿ ಬಾಳುವ ನಮಗೆ ಒಳ್ಳೆಯ ನೆರೆಯೇ ದೊಡ್ಡ ಆಸರೆ.