ತೋಳಿನೊಳಗಣ ಕಡ್ಡಿ

ಬೆಂಕಿಕಡ್ಡಿಯ ಗಾತ್ರದ, 4 ಸೆಂಟಿಮೀಟರು ಉದ್ದದ, ಬಾಗುವಂತಹ ಒಂದು ಕಡ್ಡಿಯು ಈಗ ನಮ್ಮ ದೇಶದ ಸ್ತ್ರೀಯರ ತೋಳುಗಳನ್ನು ಪ್ರವೇಶಿಸುತ್ತಿದೆ. ಮೇಲ್ದೋಳಿನ ಒಳಮಗ್ಗುಲಲ್ಲಿ ಚರ್ಮದ ಕೆಳಗೆ ಇದನ್ನು ಇರಿಸಿದರೆ, ಇದರೊಳಗಣ 68 ಮಿಲಿಗ್ರಾಂ ಎಟೊನೊಜೆಸ್ಟ್ರೆಲ್ ಎಂಬ ಹಾರ್ಮೋನು ತುಸುತುಸುವಾಗಿ ರಕ್ತಕ್ಕೆ ಸೇರಿ 3 ವರ್ಷ ಗರ್ಭವನ್ನು ತಡೆಯುವುದು. ಇಂಪ್ಲಾಂಟ್ ಎಂದು ಕರೆಯಲ್ಪಡುವ ಈ ಸಾಧನವನ್ನು ಭಾರತ ಸರಕಾರದವರು 2023ರಿಂದೀಚೆಗೆ ಆಯ್ದ ರಾಜ್ಯಗಳಲ್ಲಿ ಕುಟುಂಬಯೋಜನೆಗೆ ಸೇರಿಸತೊಡಗಿರುವರು. ನಾವು ಇದನ್ನು ವಿರೋಧಿಸುವವರಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತೆಯರಲ್ಲಿ ನೂರಕ್ಕೆ 57 ಮಂದಿ ಶಸ್ತ್ರಚಿಕಿತ್ಸೆಯನ್ನೇ ಆಶ್ರಯಿಸಿರುವಾಗ, ಮತ್ತೆ ತೆಗೆಯಬಹುದಾದ ಉಪಾಯವೊಂದು ದೊರೆಯುವುದು ಹಿತವೇ. ಆದರೆ ಹಾಕುವವರಿಗಿರುವ ಉತ್ಸಾಹವು ಹಾಕಿದ ಮೇಲೆ ಉಳಿಯುವುದೇ ಎಂಬುದು ನಮ್ಮ ಪ್ರಶ್ನೆ.

ಮಂಗಳೂರಿನ ಕುಲಶೇಖರವನ್ನೇ ತೆಗೆದುಕೊಳ್ಳೋಣ. ಅಲ್ಲಿ ವೀರನಾರಾಯಣ ದೇವಸ್ಥಾನವೂ ಇದೆ, ಕೊರ್ಡೆಲ್ ಇಗರ್ಜಿಯೂ ಇದೆ. (ಕಥೋಲಿಕ ಸಭೆಯು ಕೃತಕ ನಿರೋಧವನ್ನೇ ಒಪ್ಪದು; ಆ ವಾದವು ಇಲ್ಲಿ ನಮ್ಮ ವಿಷಯವಲ್ಲ.) ಅಲ್ಲಿಯ ಗೃಹಿಣಿಯೊಬ್ಬಳು, ಬೀಡಿ ಕಟ್ಟಿ ಸಂಸಾರಕ್ಕೆ ನೆರವಾಗುವವಳು, ಈ ಕಡ್ಡಿಯನ್ನು ಇರಿಸಿಕೊಂಡಳೆಂದು ಎಣಿಸಿರಿ. ಎರಡನೆಯ ತಿಂಗಳಿನಿಂದ ಅವಳಿಗೆ ಹೊತ್ತುಗೊತ್ತಿಲ್ಲದೆ ರಕ್ತಸ್ರಾವವಾಗತೊಡಗುವುದು. ಕೆಲವೊಮ್ಮೆ ಹದಿನೈದು ದಿನವೂ ನಿಲ್ಲದು. ವೈದ್ಯರು ಅದು ನಿರಪಾಯವೆನ್ನುವರು. ಶರೀರಶಾಸ್ತ್ರದ ಮಟ್ಟಿಗೆ ಆ ಮಾತು ಬಹುಪಾಲು ದಿಟ. ಆದರೆ ಮುಟ್ಟಿನ ಕಟ್ಟುಪಾಡು ಇನ್ನೂ ಅಳಿಯದ ತುಳುನಾಡಿನ ಮನೆಯಲ್ಲಿ ಆ ಹದಿನೈದು ದಿನ ಅವಳು ದೇವರ ಕೋಣೆಗೆ ಹೋಗಲಾರಳು, ನೇಮಕ್ಕೆ ನಿಲ್ಲಲಾರಳು. ಅತ್ತೆಯ ಪ್ರಶ್ನೆಗೂ ಗಂಡನ ಸಂಶಯಕ್ಕೂ ಅವಳೊಬ್ಬಳೇ ಉತ್ತರ ಹೇಳಬೇಕು. ಆ ಕಟ್ಟುಪಾಡು ಸರಿಯಲ್ಲವೆಂದು ನಾವೂ ಬಲ್ಲೆವು. ಅದು ಅಳಿಯುವವರೆಗೆ ಅವಳ ಕಷ್ಟವನ್ನು ನಿರಪಾಯವೆಂದು ತಳ್ಳಿಹಾಕುವುದು ಯಾವ ನ್ಯಾಯ?

ಈ ತೊಂದರೆಗೆ ಪರಿಹಾರವಿಲ್ಲದಿಲ್ಲ. ಹಾಕುವ ಮೊದಲೇ ಹೇಳತಕ್ಕದ್ದೇನೆಂದರೆ: ಸ್ರಾವವು ಕ್ರಮತಪ್ಪುವುದು ಸಾಮಾನ್ಯ, ಐವರಲ್ಲಿ ಒಬ್ಬಳಿಗೆ ಅದು ನಿಂತೇಹೋಗಬಹುದು, ನಿಂತದ್ದು ರೋಗವಲ್ಲ, ಮೊದಲ ಮೂರು ತಿಂಗಳ ರೀತಿಯೇ ಮುಂದಿನದರ ಸ್ಥೂಲ ಸೂಚನೆ. ತಲೆನೋವು, ಮೊಡವೆ, ಸ್ತನಗಳ ನೋವು, ತೂಕದ ಏರಿಕೆ, ಮನಸ್ಸಿನ ಕುಗ್ಗುವಿಕೆ ಇವೂ ಕೆಲವರಿಗುಂಟು. ಸ್ರಾವವು ಮುಂದುವರಿದರೆ ಗರ್ಭವಾಗಲಿ ಸೋಂಕಾಗಲಿ ಇಲ್ಲವೆಂದು ಪರೀಕ್ಷಿಸಿ, ಐದು ದಿನ ಮೆಫನಾಮಿಕ್ ಆಮ್ಲದಂತಹ ಗುಳಿಗೆಗಳನ್ನು ಕೊಡುವುದುಂಟು. ರಕ್ತದೊತ್ತಡ ಮುಂತಾದ ಅಡ್ಡಿಗಳಿಲ್ಲದವರಿಗೆ ಕೆಲವು ವಾರ ಸಂಯುಕ್ತ ಹಾರ್ಮೋನು ಗುಳಿಗೆಗಳೂ ಉಂಟು. ಕ್ಷಯಕ್ಕೆ ರಿಫಾಂಪಿಸಿನ್ ಅಥವಾ ಅಪಸ್ಮಾರಕ್ಕೆ ಕಾರ್ಬಮಜೆಪಿನ್ ಸೇವಿಸುವವಳಲ್ಲಿ ಕಡ್ಡಿಯ ಶಕ್ತಿಯೇ ಕುಂದುವುದರಿಂದ, ಔಷಧಗಳ ವಿಚಾರವನ್ನು ಮೊದಲೇ ಕೇಳಬೇಕು. ತೋಳಿನಲ್ಲಿ ಕೀವಾದರೆ, ಕಡ್ಡಿಯು ಕೈಗೆ ಸಿಕ್ಕದಿದ್ದರೆ, ಹೊಟ್ಟೆಯಲ್ಲಿ ತೀವ್ರವಾದ ನೋವು ಬಂದರೆ, ಅಂದೇ ಬರತಕ್ಕದ್ದು. ಇಷ್ಟನ್ನು ಹೇಳಲು ಕಾಲು ಗಂಟೆ ಸಾಕು. ಆದರೆ ಅದೇ ಸಮೀಕ್ಷೆಯಂತೆ, ತಾವು ಬಳಸುವ ವಿಧಾನದ ಅಡ್ಡಪರಿಣಾಮಗಳನ್ನು ಯಾರಾದರೂ ತಿಳಿಸಿದರೆಂದವರು ಇಡೀ ದೇಶದಲ್ಲಿ ನೂರಕ್ಕೆ 62 ಮಂದಿ ಮಾತ್ರ.

ಇಷ್ಟಾದರೂ ಕೆಲವರಿಗೆ ಇದು ಒಗ್ಗದು. ಪ್ರಯೋಗಗಳಲ್ಲಿ ನೂರಕ್ಕೆ ಸುಮಾರು 11 ಮಂದಿ ಸ್ರಾವದ ಕಾರಣದಿಂದಲೇ ಅವಧಿಗೆ ಮೊದಲು ಇದನ್ನು ತೆಗೆಸಿದರು. ಗುಳಿಗೆಯನ್ನು ನುಂಗದೆ ಇರಬಹುದು. ಇದನ್ನು ಮಾತ್ರ ತಾನಾಗಿ ಕಿತ್ತೆಸೆಯಲಾಗದು. ಕಲಿತ ಕೈಯೊಂದು ಚರ್ಮವನ್ನು ಸೀಳಿ ತೆಗೆಯಬೇಕು. ಹಿಂದೆ ನಾರ್‌ಪ್ಲಾಂಟ್ ಎಂಬ ಆರು ಕೊಳವೆಗಳ ಸಾಧನವಿದ್ದಾಗ, ತೆಗೆಯಿರೆಂದು ಬೇಡಿದರೂ ಬರಿಗೈಯಲ್ಲಿ ಹಿಂದಿರುಗಬೇಕಾಯಿತೆಂದು ಬಾಂಗ್ಲಾದೇಶದ ಬಡ ಸ್ತ್ರೀಯರು ದೂರಿದ್ದರು. ನಮ್ಮಲ್ಲಿಯೂ ನೆಟ್-ಎನ್ ಎಂಬ ಚುಚ್ಚುಮದ್ದಿನ ಪ್ರಯೋಗದಲ್ಲಿ ಸಮ್ಮತಿಯ ಪ್ರಶ್ನೆಯೆದ್ದು 1986ರಲ್ಲಿ ಸ್ತ್ರೀಸಂಘಟನೆಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. ಸರಕಾರದವರು ಇದನ್ನು ಮರೆಯಲಾಗದು.

ಕುಲಶೇಖರದ ಆ ಗೃಹಿಣಿಯು ಲೇಡಿ ಗೋಶನ್ ಆಸ್ಪತ್ರೆಗಾಗಲಿ ಬೇರೆಲ್ಲಿಗಾಗಲಿ ಹೋಗಬೇಕಾದರೆ ಬಸ್ಸಿನ ಹಣದೊಡನೆ ಆ ದಿನದ ಬೀಡಿಯ ಕೂಲಿಯನ್ನೂ ಕಳೆದುಕೊಳ್ಳುವಳು. ಅಂತಹವಳನ್ನು “ಇನ್ನೆರಡು ತಿಂಗಳು ತಾಳಮ್ಮ” ಎಂದು ಮೂರು ಸಲ ಹಿಂದೆ ಕಳುಹಿಸಿದರೆ ನಾಲ್ಕನೆಯ ಸಲ ಅವಳು ಬಾರಳು; ನೆರೆಯವರಿಗೂ ಬೇಡವೆನ್ನುವಳು. ಆದುದರಿಂದ ಹಾಕುವ ಕೇಂದ್ರದಲ್ಲೆಲ್ಲ ತೆಗೆಯಲು ಕಲಿತವರೂ ಇರಬೇಕು. ಹಾಕಿದ ತಾರೀಕು, ತೆಗೆಯುವ ತಾರೀಕು, ತೆಗೆಯುವ ಸ್ಥಳಗಳನ್ನು ಕನ್ನಡದಲ್ಲಿ ಬರೆದ ಚೀಟಿಯು ಅವಳ ಕೈಯಲ್ಲಿರಬೇಕು. ತೆಗೆಯಿರೆಂದು ಕೇಳಿದ ದಿನವೇ, ಕಾರಣವನ್ನು ಸಮರ್ಥಿಸಬೇಕೆನ್ನದೆ, ಗಂಡನ ಒಪ್ಪಿಗೆಯನ್ನು ತರಹೇಳದೆ, ತೆಗೆದುಕೊಡಬೇಕು. ಎಷ್ಟು ಮಂದಿಗೆ ಹಾಕಿದರೆಂಬ ಲೆಕ್ಕದ ಪಕ್ಕದಲ್ಲಿಯೇ, ತೆಗೆಯಬೇಕೆಂದು ಎಷ್ಟು ಮಂದಿ ಕೇಳಿದರು, ಎಷ್ಟು ದಿನಗಳಲ್ಲಿ ತೆಗೆಯಲಾಯಿತು ಎಂಬ ಲೆಕ್ಕವನ್ನೂ ಆರೋಗ್ಯ ಇಲಾಖೆಯವರು ಜಿಲ್ಲೆಜಿಲ್ಲೆಗೂ ಪ್ರಕಟಿಸಲಿ.