ಮಡಚಿದ ಕಡೆ ಬಿಳಿ ಗೆರೆ

(1/6)
ಮೊದಲು ಫೋಟೋ ಜೂಮ್ ಮಾಡಿ. ಮೆರೂನ್ ಬಣ್ಣದ ಸ್ಲೀವ್, ಅಂದ್ರೆ ಸ್ವೀಟ್ ಡಬ್ಬಿಗೆ ಹೊರಗಿಂದ ತೊಡಿಸ್ತಾರಲ್ಲ, ಆ ರಟ್ಟಿನ ಪಟ್ಟಿ. ನಾಲ್ಕೂ ಅಂಚಲ್ಲಿ ಬಿಳಿ ಗೆರೆ ಕಾಣ್ತಿದೆಯಾ? ಯಾರೋ ಉಗುರಲ್ಲಿ ಕೆರೆದ ಹಾಗಿದೆ ಅಲ್ವಾ? ಯಾರೂ ಕೆರೆದಿಲ್ಲ. ಪ್ರಿಂಟ್ ಆಗಿ ಬಂದ ದಿನವೇ, ಮೊದಲ ಸಲ ಮಡಚಿದಾಗಲೇ ಹಾಗಾಯ್ತು. ಡಿಸೈನ್ ಮಾಡಿದ್ದು ನಾನು. ದುಡ್ಡು ಕೊಟ್ಟಿದ್ದು ನಮ್ಮತ್ತೆ.

ಹೋದ ವಾರ ನಾನು ಪ್ರಿಂಟ್ ಫಿನಿಶಿಂಗ್ ಬಗ್ಗೆ ಸ್ಟೋರಿ ಹಾಕಿದಾಗ ಕ್ಲಾಸಿನವರೇ ಮೂರ್ನಾಲ್ಕು ಜನ ರಿಪ್ಲೈ ಮಾಡಿದ್ರಿ. ಬ್ರ್ಯಾಂಡಿಂಗ್ ಅಂದ್ರೆ ಲೋಗೋ, ಕಲರು, ರೀಲ್ಸು. ಪ್ರಿಂಟ್ ಯಾರು ನೋಡ್ತಾರೆ ಗುರೂ, ಅಂತ. ಆಗ ಉತ್ತರ ಕೊಡೋಕೆ ನಾಚಿಕೆ ಆಯ್ತು, ಯಾಕಂದ್ರೆ ಎರಡು ವರ್ಷದ ಹಿಂದೆ ನಾನೂ ಇದೇ ಡೈಲಾಗ್ ಹೊಡೀತಿದ್ದೆ. ಈಗ ಉದ್ದಕ್ಕೇ ಉತ್ತರ ಕೊಡ್ತೀನಿ. ಆರು ಪೋಸ್ಟ್. ಟೈಮ್ ಇಲ್ಲದವರು ಸೇವ್ ಮಾಡ್ಕೊಳ್ಳಿ.

(2/6)
ನಮ್ಮತ್ತೆ ಇರೋದು ಸಿರ್ಸಿ ಹತ್ರ. ತೊಡದೇವು ಮಾಡ್ತಾರೆ. ತಿಂದಿಲ್ಲದವರಿಗೆ ಹೇಳ್ತೀನಿ: ಒಲೆ ಮೇಲೆ ಮಡಕೆ ಬೋರಲು ಹಾಕಿ, ಅದರ ಬೆನ್ನಿನ ಮೇಲೆ ಕಬ್ಬಿನ ಹಾಲು, ಅಕ್ಕಿ ಹಿಟ್ಟಿನ ಹದವಾದ ಹಿಟ್ಟನ್ನ ಬಟ್ಟೆಯಲ್ಲಿ ಅದ್ದಿ ಒಂದೇ ಸಲಕ್ಕೆ ಎಳೀತಾರೆ. ಕಾಗದಕ್ಕಿಂತ ತೆಳ್ಳಗೆ ಎದ್ದು ಬರುತ್ತೆ. ಬಿಸಿ ಇರೋವಾಗಲೇ ಮಡಚಬೇಕು, ಒಂದು ಕ್ಷಣ ತಡ ಆದ್ರೂ ಪುಡಿ ಪುಡಿ. (ಮಡಚೋ ವಿಷ್ಯದಲ್ಲಿ ನಮ್ಮತ್ತೆ ನನಗಿಂತ ದೊಡ್ಡ ಎಕ್ಸ್‌ಪರ್ಟ್ ಅಂತ ಆಮೇಲೆ ಹೊಳೀತು.)

ಊರಲ್ಲಿ ಅವರ ತೊಡದೇವಿಗೆ ಡಬ್ಬಿನೇ ಬೇಕಿರಲಿಲ್ಲ. ಸ್ಟೀಲ್ ಡಬ್ಬಿ ತಂದು ತುಂಬಿಸ್ಕೊಂಡು ಹೋಗೋರು. ಬೆಂಗಳೂರಲ್ಲಿ ಒಂದು ಅಂಗಡಿಯವರು ಇಡ್ತೀವಿ ಅಂದಾಗ ನಾನು ಎದ್ದು ನಿಂತೆ, ಪ್ಯಾಕೇಜಿಂಗ್ ನಾನು ಮಾಡ್ತೀನಿ ಅಂತ. ರೆಡಿಮೇಡ್ ಬಿಳಿ ಡಬ್ಬಿ, ಅದಕ್ಕೆ ಮೆರೂನ್ ಸ್ಲೀವ್, ಮಧ್ಯದಲ್ಲಿ ಮಡಕೆಯ ಗೆರೆಚಿತ್ರ. ಸ್ಕ್ರೀನ್ ಮೇಲೆ ಏನ್ ಚೆಂದ ಇತ್ತು ಅಂತೀರಾ! ಮಾಕಪ್ ಹಾಕಿದ ಪೋಸ್ಟಿಗೆ ನಿಮ್ಮಲ್ಲೇ ಎಷ್ಟೋ ಜನ ಬೆಂಕಿ ಇಮೋಜಿ ಹಾಕಿದ್ರಿ.

ಐನೂರು ಸ್ಲೀವು, 300 ಜಿಎಸ್ಎಂ ಆರ್ಟ್ ಕಾರ್ಡು, ಡಿಜಿಟಲ್ ಪ್ರಿಂಟು. ಕೊಟೇಶನ್ ಬಂದಾಗ ಎರಡು ಸಾಲು ನೋಡಿ ನಂಗೆ ಹೊಟ್ಟೆ ಉರೀತು: ಮ್ಯಾಟ್ ಲ್ಯಾಮಿನೇಷನ್, ಕ್ರೀಸಿಂಗ್. ಎರಡನ್ನೂ ಹೊಡೆದು ಹಾಕಿಸಿದೆ. "ಸ್ಕೇಲ್ ಇಟ್ಟು ನಾವೇ ಮಡಚ್ಕೋತೀವಿ ಬಿಡಿ" ಅಂದೆ. ಸಾಲದು ಅಂತ 13×19 ಇಂಚಿನ ಶೀಟಲ್ಲಿ ಇನ್ನೊಂದು ಪೀಸ್ ಜಾಸ್ತಿ ಕೂರುತ್ತೆ ಅಂತ ಲೇಔಟನ್ನೇ ಅಡ್ಡ ತಿರುಗಿಸಿ ಕೊಟ್ಟೆ. ಒಟ್ಟು ಉಳಿದಿದ್ದು ಎರಡು ಸಾವಿರ ಚಿಲ್ಲರೆ. ಅತ್ತೆಗೆ ಫೋನ್ ಮಾಡಿ ಜಂಬ ಬೇರೆ ಕೊಚ್ಚಿಕೊಂಡೆ.

ಅಂಗಡಿಯವರು ಮೊದಲ ಲಾಟ್ ತೆಗೆದು ನೋಡಿದ್ರು. ತಿಂದು ನೋಡಲಿಲ್ಲ, ಡಬ್ಬಿ ತಿರುಗಿಸಿ ನೋಡಿದ್ರು. ಹೆಬ್ಬೆರಳಲ್ಲಿ ಅಂಚು ಸವರಿ, "ಹಳೇ ಸ್ಟಾಕಾ ಇದು?" ಅಂತ ಕೇಳಿದ್ರು. ಹಿಂದಿನ ದಿನ ಬೆಳಿಗ್ಗೆ ಎಳೆದ ತೊಡದೇವು ಅದು. ರಾತ್ರಿ ಬಸ್ಸಲ್ಲಿ ಅತ್ತೆ ಮಡಿಲಲ್ಲಿ ಇಟ್ಕೊಂಡು ತಂದಿದ್ರು. ಗಲ್ಲಾ ಹತ್ರದ ಶೆಲ್ಫಲ್ಲಿ ಇಡ್ತೀನಿ ಅಂದಿದ್ದವರು ಕೆಳಗಿನ ಶೆಲ್ಫಿಗೆ ಹಾಕಿದ್ರು. ರೇಟೂ ಇಳಿಸಿ ಅಂದ್ರು.

ಅತ್ತೆ ನನಗೇನೂ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

(3/6)
ಇಲ್ಲೊಂದು ವಿಷ್ಯ ಹೇಳಲೇಬೇಕು. ನಮ್ಮಪ್ಪ ಕಾಟನ್‌ಪೇಟೆ ಕಡೆ ಒಂದು ಪ್ರೆಸ್ಸಲ್ಲಿ ಕಟಿಂಗ್ ಮಷಿನ್ ಆಪರೇಟರ್. ನಾನು ಹುಟ್ಟೋಕೆ ಮುಂಚಿಂದ. ಕಾಲೇಜಲ್ಲಿ ಯಾರಾದ್ರೂ ಕೇಳಿದ್ರೆ "ಪ್ರಿಂಟಿಂಗ್ ಬಿಸಿನೆಸ್ಸಲ್ಲಿದ್ದಾರೆ" ಅಂತಿದ್ದೆ. ಹಾಗಾಗಿ ಸ್ಲೀವನ್ನ ಅಪ್ಪಂಗೆ ತೋರಿಸದೆ ಬೇರೆ ಕಡೆ ಕೊಟ್ಟಿದ್ದೆ. ಡಿಸೈನ್ ಅವರಿಗೇನು ಗೊತ್ತು ಅಂತ ನನ್ನ ತಲೇಲಿ.

ಅಪ್ಪ ಸ್ಲೀವ್ ಕೈಗೆ ತಗೊಂಡು ಚಿತ್ರ ನೋಡಲೇ ಇಲ್ಲ. ಉದ್ದಕ್ಕೊಂದು ಸಲ, ಅಡ್ಡಕ್ಕೊಂದು ಸಲ ಮೆಲ್ಲಗೆ ಬಗ್ಗಿಸಿದ್ರು. "ಗ್ರೇನ್ ಅಡ್ಡ ಇದೆ. ಕ್ರೀಸೂ ಹೊಡೆಸಿಲ್ಲ." ಅಷ್ಟೇ ಹೇಳಿದ್ದು.

ಗ್ರೇನ್ ಅಂದ್ರೇನು ಅಂತ ನಿಮಗೂ ಗೊತ್ತಾಗಲಿ. ಮನೇಲಿರೋ ನ್ಯೂಸ್‌ಪೇಪರ್ ತಗೊಳ್ಳಿ. ಮೇಲಿಂದ ಕೆಳಗೆ ಹರೀರಿ: ಸ್ಕೇಲ್ ಇಟ್ಟ ಹಾಗೆ ಸೀದಾ ಹರಿಯುತ್ತೆ. ಈಗ ಎಡದಿಂದ ಬಲಕ್ಕೆ ಹರೀರಿ: ಸೊಟ್ಟ ಸೊಟ್ಟ ಹೋಗುತ್ತೆ. ಕಾಗದ ತಯಾರಾಗೋ ಮಷಿನ್ ಓಡೋ ದಿಕ್ಕಿಗೇ ಅದರ ನಾರುಗಳು ಹೆಚ್ಚಾಗಿ ಮಲಗ್ತವೆ, ಅದಕ್ಕೇ ಹೀಗೆ. ನಾರಿನ ಜೊತೆ ಜೊತೆಗೆ ಮಡಚಿದ್ರೆ ಕಾಗದ ಸುಮ್ಮನೆ ಬಗ್ಗುತ್ತೆ. ಅಡ್ಡಕ್ಕೆ ಮಡಚಿದ್ರೆ ನಾರು ಮುರಿಯುತ್ತೆ. ಫೋಟೋಕಾಪಿ ಪೇಪರ್ ಎಪ್ಪತ್ತೈದು ಎಂಬತ್ತು ಜಿಎಸ್ಎಂ, ಅದರಲ್ಲಿ ಏನೂ ಗೊತ್ತಾಗಲ್ಲ. 300 ಜಿಎಸ್ಎಂ ಕಾರ್ಡಲ್ಲಿ ಮೇಲ್ಪದರವೇ ಬಿರುಕು ಬಿಡುತ್ತೆ.

ಕ್ರೀಸಿಂಗ್ ಅಂದ್ರೆ ಮಡಚೋ ಮುಂಚೆ ಮೊಂಡು ಅಂಚಿನ ಪಟ್ಟಿಯಿಂದ ಒತ್ತಿ ಕಾರ್ಡಲ್ಲಿ ಒಂದು ಸಣ್ಣ ಕಾಲುವೆ ಮಾಡೋದು. ಕಾರ್ಡ್ ಎಲ್ಲಿ ಬಗ್ಗಬೇಕು ಅಂತ ಮೊದಲೇ ದಾರಿ ತೋರಿಸಿದ ಹಾಗೆ. ಇದೂ ಇಲ್ಲ, ಮೇಲೆ ಲ್ಯಾಮಿನೇಷನ್ ಫಿಲ್ಮಿನ ಹೊದಿಕೆಯೂ ಇಲ್ಲ. ಅದರ ಮೇಲೆ ಡಿಜಿಟಲ್ ಪ್ರಿಂಟಿನ ಟೋನರ್ ಬೇರೆ. ಅದು ಕಾಗದದೊಳಕ್ಕೆ ಇಳಿಯಲ್ಲ, ಮೇಲೆ ಪದರವಾಗಿ ಕೂತಿರುತ್ತೆ. ಪದರ ಬಿರಿದ ತಕ್ಷಣ ಅಡಿಯ ಬಿಳಿ ಕಾಣುತ್ತೆ. ತಿಳಿ ಬಣ್ಣ ಆಗಿದ್ರೆ ಮುಚ್ಚಿಹೋಗ್ತಿತ್ತೇನೋ. ನಾನು ಆರಿಸಿದ್ದು ಗಾಢ ಮೆರೂನ್, ಅಂಚಿಂದ ಅಂಚಿಗೆ. ಮಾಡಬಹುದಾದ ತಪ್ಪು ಒಂದನ್ನೂ ಬಿಟ್ಟಿರಲಿಲ್ಲ ನಾನು.

(4/6)
ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ. ನೀವು ಒಪ್ಪದಿದ್ರೆ ಕಾಮೆಂಟಲ್ಲಿ ಬೈರಿ.

"ಒಳಗಿನ ಮಾಲು ಚೆನ್ನಾಗಿದ್ರೆ ಸಾಕು" ಅನ್ನೋ ಮಾತು ಅರ್ಧ ಮಾತ್ರ ನಿಜ. ಪರಿಚಯ ಇರೋ ಕಡೆ ಪೂರ್ತಿ ನಿಜ. ನಮ್ಮ ಏರಿಯಾ ಕಾಫಿಪುಡಿ ಅಂಗಡೀಲಿ ಬಿಸಿ ಬಿಸಿ ಪುಡೀನ ಖಾಕಿ ಕವರಿಗೆ ಸುರಿದು ಕೊಡ್ತಾರೆ. ಅಲ್ಲಿ ಗೋಲ್ಡ್ ಫಾಯಿಲ್ ಯಾರಿಗೆ ಬೇಕು, ವಾಸನೆ ಇದೆ, ಮೂವತ್ತು ವರ್ಷದ ಮುಖ ಇದೆ. ಊರಲ್ಲಿ ಅತ್ತೆಗೂ ಅಷ್ಟೇ. ಆದ್ರೆ ಅದೇ ತೊಡದೇವು ನಾನೂರು ಕಿಲೋಮೀಟರ್ ದಾಟಿ, ಅತ್ತೆಯನ್ನ ಒಂದು ಸಲಾನೂ ನೋಡಿಲ್ಲದವರ ಕೈಗೆ ಬಂದಾಗ ಅವರಿಗೆ ಸಿಗೋದು ಡಬ್ಬಿ ಮಾತ್ರ. ಮುಚ್ಚಳ ತೆಗೆಯೋಕೆ ಮುಂಚಿನ ಆ ಎರಡು ಮೂರು ಸೆಕೆಂಡಲ್ಲಿ ಅವರು ಏನೋ ಒಂದು ತೀರ್ಮಾನ ಮಾಡಿರ್ತಾರೆ, ಅದೂ ಕಣ್ಣಿಗಿಂತ ಹೆಚ್ಚಾಗಿ ಹೆಬ್ಬೆರಳಲ್ಲಿ.

ಹೆಬ್ಬೆರಳು ಅಂದಿದ್ದು ತಮಾಷೆಗಲ್ಲ. ಐನೂರರ ನೋಟು ಅಸಲಿಯಾ ಅಂತ ಅನುಮಾನ ಬಂದ್ರೆ ಏನ್ ಮಾಡ್ತೀರಿ? ಬೆಳಕಿಗೆ ಹಿಡೀತೀರಿ, ಸವರಿ ನೋಡ್ತೀರಿ. ಗಾಂಧೀಜಿ ಚಿತ್ರ ಬೆರಳಿಗೆ ಉಬ್ಬುಬ್ಬಾಗಿ ಸಿಗಬೇಕು. ನಮ್ಮ ಮೈಸೂರಲ್ಲೇ ನೋಟು ಅಚ್ಚಾಗುತ್ತಲ್ಲ, ಅಲ್ಲಿ ಆ ಉಬ್ಬನ್ನ ಬೇಕಂತಲೇ ತರ್ತಾರೆ. ಅದು ಫಿನಿಶಿಂಗ್ ಅಲ್ಲ, ಮುದ್ರಣದ ವಿಧಾನವೇ ಬೇರೆ. ಆದರೂ ನಂಬಬೇಕಾ ಬೇಡವಾ ಅಂತ ಕಾಗದವನ್ನ ಸವರಿ ನೋಡೋ ಅಭ್ಯಾಸ ನಮಗೆಲ್ಲ ಅಲ್ಲಿಂದಲೇ ಇದೆ.

ಮದುವೆ ಕಾರ್ಡ್ ನೆನಪಿಸ್ಕೊಳ್ಳಿ. ಸುಲ್ತಾನ್‌ಪೇಟೆಗೆ ಒಂದು ಸಲ ಹೋಗಿ ಬನ್ನಿ, ಅಂಗಡಿ ಮೇಲೆ ಅಂಗಡಿ, ಗೋಡೆ ತುಂಬ ಸ್ಯಾಂಪಲ್. ಕಾರ್ಡ್ ಆರಿಸೋಕೆ ಬಂದ ಹೆಂಗಸರು ಮೊದಲು ಒಳಗಿನ ಅಕ್ಷರ ಓದಲ್ಲ. ಉಬ್ಬು ಗಣಪತಿ ಮೇಲೆ ಬೆರಳಾಡಿಸ್ತಾರೆ, ಕಾರ್ಡ್ ಬಗ್ಗಿಸಿ ನೋಡ್ತಾರೆ, ಆಮೇಲೆ ರೇಟ್ ಕೇಳ್ತಾರೆ. ಮನೆಗೆ ಕಾರ್ಡ್ ಬಂದಾಗ ನಮ್ಮಜ್ಜಿ ಮಾಡೋದೂ ಅದೇ. "ಗಟ್ಟಿ ಕಾರ್ಡು, ಮದುವೆ ಜೋರಾಗೇ ಇರುತ್ತೆ" ಅಂತ ಊಟದ ಮೆನುವರೆಗೂ ಭವಿಷ್ಯ ಹೇಳಿಬಿಡ್ತಾರೆ. ನಮ್ಮ ಮಾರ್ಕೆಟಿಂಗ್ ಪಾಠದಲ್ಲಿ ಬ್ರ್ಯಾಂಡ್ ಪರ್ಸೆಪ್ಷನ್ ಅಂತ ಬರೋದು ಇದೇ ತಾನೇ?

ಮೈಸೂರ್ ಸ್ಯಾಂಡಲ್ ಸೋಪ್ ತಗೊಳ್ಳಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು, ನೂರು ವರ್ಷ ದಾಟಿದ ಸೋಪು. ಇದನ್ನ ರೂಪಿಸಿದ ಸೋಸಲೆ ಗರಳಪುರಿ ಶಾಸ್ತ್ರಿಗಳಿಗೆ "ಸೋಪ್ ಶಾಸ್ತ್ರಿ" ಅಂತಲೇ ಹೆಸರು. ಡಬ್ಬಿ ಒಡವೆ ಪೆಟ್ಟಿಗೆ ತರಹ ಇರಬೇಕು ಅಂತ ಅವರು ಯೋಚಿಸಿದ್ರು ಅಂತ ಹೇಳ್ತಾರೆ. ಮೈ ತೊಳೆಯೋ ವಸ್ತುವಿಗೆ ಒಡವೆ ಪೆಟ್ಟಿಗೆ! ಇವತ್ತೂ ಎಷ್ಟೋ ಮನೆಗಳಲ್ಲಿ ಖಾಲಿ ಡಬ್ಬಿ ಬಿಸಾಡಲ್ಲ, ಸೀರೆ ಮಡಿಕೆಯೊಳಗೆ ಇಡ್ತಾರೆ. ವಾಸನೆಗೆ ಅಂತೀರಾ, ಸರಿ. ಆದ್ರೆ ಮುದ್ದೆಯಾಗಿ ಹರಿದುಹೋಗೋ ಡಬ್ಬಿ ಆಗಿದ್ರೆ ಇಡ್ತಿದ್ರಾ?

ಇನ್ನು ಆ್ಯಪಲ್ ಕಥೆ ನಿಮಗೆ ಗೊತ್ತೇ ಇದೆ, ಚಿಕ್ಕದಾಗಿ ಹೇಳಿ ಮುಗಿಸ್ತೀನಿ. 1977ರಲ್ಲೇ ಆ ಕಂಪನಿಯ ಮೈಕ್ ಮಾರ್ಕುಲಾ ಮಾರ್ಕೆಟಿಂಗ್ ಹೇಗಿರಬೇಕು ಅಂತ ಒಂದು ಪುಟ ಬರೆದ್ರು. ಅದರಲ್ಲಿ ಮೂರೇ ಅಂಶ. ಮೂರನೆಯದು, ಜನ ವಸ್ತುವನ್ನ ಅದರ ಹೊದಿಕೆ ನೋಡಿಯೇ ಅಳೀತಾರೆ, ಆದ್ದರಿಂದ ಹೊದಿಕೆಯಲ್ಲಿ ಅಸಡ್ಡೆ ಕಂಡ್ರೆ ವಸ್ತುವೂ ಅಸಡ್ಡೆಯದೇ ಅಂದ್ಕೊಳ್ತಾರೆ ಅನ್ನೋದು. ಗ್ಯಾರೇಜಿಂದ ಹೊರಗೆ ಬಂದು ಇನ್ನೂ ಸರಿಯಾಗಿ ಕಾಲೂರಿರದ ಕಂಪನಿ ಆಗ ಅದು.

(5/6)
ಹಂಗಂತ ಎಲ್ಲದಕ್ಕೂ ಮಿಂಚು ಬಳೀರಿ ಅಂತ ನಾನು ಹೇಳ್ತಿಲ್ಲ. ಇದನ್ನ ದಪ್ಪ ಅಕ್ಷರದಲ್ಲಿ ಓದ್ಕೊಳ್ಳಿ, ಯಾಕಂದ್ರೆ ನಮ್ಮ ಬ್ಯಾಚಿನ ರೋಗ ಇದೇ.

ಫೆಸ್ಟ್ ಇನ್ವಿಟೇಶನ್ ನೆನಪಿದೆಯಾ? ಹೆಸರಿಗೆ ಫಾಯಿಲ್, ಲೋಗೋಗೆ ಸ್ಪಾಟ್ ಯುವಿ, ಬಾರ್ಡರಿಗೆ ಎಂಬಾಸಿಂಗ್, ಮೂಲೆ ರೌಂಡ್ ಕಟ್. ಒಂದೇ ಕಾರ್ಡಲ್ಲಿ ಇಡೀ ಪ್ರೆಸ್ಸಿನ ಕ್ಯಾಟಲಾಗ್. ಫಾಯಿಲಲ್ಲಿ ಅಕ್ಷರ ಎಷ್ಟು ಸಣ್ಣದಾಗಿತ್ತು ಅಂದ್ರೆ ಒತ್ತಕ್ಷರಗಳೆಲ್ಲ ತುಂಬ್ಕೊಂಡು ಒಂದೊಂದು ಚುಕ್ಕಿ ಆಗಿತ್ತು. ಕನ್ನಡಕ್ಕೆ ಇದು ವಿಶೇಷ ಕಷ್ಟ, ನಮ್ಮ ಒತ್ತು, ಸುಳಿಗಳಲ್ಲಿ ಜಾಗ ಕಮ್ಮಿ. ಬಿಸಿ ಅಚ್ಚು ಒತ್ತಿದಾಗ ಫಾಯಿಲ್ ಅಲ್ಲೆಲ್ಲ ಹರಡುತ್ತೆ. ಇಂಗ್ಲಿಷ್ ಟೆಂಪ್ಲೇಟಿನ ಸೈಜಿಗೇ ಕನ್ನಡ ಹಾಕಿ ಫಾಯಿಲಿಗೆ ಕಳಿಸಬೇಡಿ ಮಾರಾಯ್ರೆ. (ಅಂದ ಹಾಗೆ ಆ ಚಿನ್ನ ಚಿನ್ನ ಅಲ್ಲ. ಬಹುಪಾಲು ಅಲ್ಯೂಮಿನಿಯಮ್ಮಿನ ಅತಿ ತೆಳುವಾದ ಪದರ, ಮೇಲೆ ಹಳದಿ ಬಣ್ಣ.)

ಅಪ್ಪ ಒಂದು ಭಾನುವಾರ ನನ್ನ ಹಳೇ ವಿಸಿಟಿಂಗ್ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಸುರಿದು ಎರಡು ಗುಡ್ಡೆ ಮಾಡಿದ್ರು. ಒಂದರಲ್ಲಿ ಮಿಂಚೋ ಕಾರ್ಡು ಬಹಳ ಇದ್ವು, ಇನ್ನೊಂದರಲ್ಲಿ ಕೆಲವು ಬರೀ ಕಪ್ಪು ಬಿಳುಪು. ಎರಡನೇ ಗುಡ್ಡೆಯೇ ಒಳ್ಳೇದು ಅಂದ್ರು. ಯಾಕೆ ಅಂತ ಹುಡುಕೋಕೆ ನಂಗೆ ಹತ್ತು ನಿಮಿಷ ಬೇಕಾಯ್ತು. ನಾಲ್ಕೂ ಮೂಲೆ ತೊಂಬತ್ತು ಡಿಗ್ರಿ. ಹತ್ತು ಕಾರ್ಡು ಒಟ್ಟಿಗೆ ಹಿಡಿದ್ರೆ ಅಂಚು ಒಂದೇ ಗೋಡೆ ತರಹ. ಮುಂದಿನ ಬದಿ, ಹಿಂದಿನ ಬದಿ ಕೂದಲೆಳೆ ಜರುಗಿಲ್ಲ. ಅಂಚಿಗೆ ಬಣ್ಣ ಇರೋ ಕಡೆ ಬಿಳಿ ಎಳೆ ಇಣುಕ್ತಿಲ್ಲ, ಅಂದ್ರೆ ಡಿಸೈನರ್ ಮೂರು ಮಿಲಿಮೀಟರ್ ಬ್ಲೀಡ್ ಸರಿಯಾಗಿ ಬಿಟ್ಟಿದ್ದಾನೆ, ಬ್ಲೇಡ್ ಚೂಪಾಗಿತ್ತು, ಇಂಕ್ ಒಣಗೋವರೆಗೂ ಕಾದಿದ್ದಾರೆ.

ಇದನ್ನ ಯಾವ ಕಸ್ಟಮರೂ "ವಾವ್, ಏನ್ ಕಟಿಂಗು!" ಅನ್ನಲ್ಲ. ಆದ್ರೆ ಒಂದು ಮೂಲೆ ಸೊಟ್ಟ ಆಗಿದ್ರೆ ಅದೇ ಕಸ್ಟಮರ್ ಮನಸ್ಸಲ್ಲಿ ಏನೋ ಒಂದು ಕುಸಿಯುತ್ತೆ, ಯಾಕೆ ಅಂತ ಅವರಿಗೂ ಹೇಳೋಕಾಗಲ್ಲ. ಹಾಗಾಗಿ ಬಜೆಟ್ ಕಮ್ಮಿ ಇದ್ರೆ ಕಟಿಂಗು, ಕ್ರೀಸು, ಸರಿಯಾದ ಗ್ರೇನು, ಇಷ್ಟಕ್ಕೆ ಮೊದಲು ದುಡ್ಡು ಎತ್ತಿಡಿ. ಉಳಿದ್ರೆ ಮಾತ್ರ ಫಾಯಿಲ್, ಅದೂ ಒಂದೇ ಕಡೆ. ಇನ್ನೊಂದು ಸಮಾಚಾರ: ಪ್ಲಾಸ್ಟಿಕ್ ಫಿಲ್ಮ್ ಲ್ಯಾಮಿನೇಷನ್ ಹಾಕಿದ ಕಾಗದ ರದ್ದಿಗೆ ಹೋದ್ರೂ ಮರುಬಳಕೆ ಕಷ್ಟ. "ಇಕೋ ಫ್ರೆಂಡ್ಲಿ" ಅಂತ ಬರೆದ ಡಬ್ಬಿ ಮೇಲೆ ಗ್ಲಾಸ್ ಲ್ಯಾಮಿನೇಷನ್ ಕಂಡ್ರೆ ನಂಗೆ ನಗು ಬರುತ್ತೆ. ನೀರಿನ ಆಧಾರದ ವಾರ್ನಿಷ್ ಬಗ್ಗೆ ಪ್ರೆಸ್ಸಲ್ಲಿ ವಿಚಾರಿಸಿ, ಎಷ್ಟೋ ಕೆಲಸಕ್ಕೆ ಅಷ್ಟು ಸಾಕು.

ನನಗೆ ಜಾಸ್ತಿ ಚುಚ್ಚಿದ್ದು ಬೇರೆ. ನಮ್ಮ ಪೋರ್ಟ್‌ಫೋಲಿಯೋಗಳಲ್ಲಿ ಡಿಸೈನರ್ ಹೆಸರು ಇರುತ್ತೆ, ಫೋಟೋ ತೆಗೆದವರ ಹೆಸರು ಇರುತ್ತೆ. ಅಂಗಡಿಯವರ ಹೆಬ್ಬೆರಳು ತಾಗೋ ಜಾಗವನ್ನ ಮಾಡಿದವರ ಹೆಸರು ಎಲ್ಲೂ ಇರಲ್ಲ. ಕೊಟೇಶನ್ನಲ್ಲಿ ಮೊದಲು ಕೊಯ್ಯೋದೂ ಅವರ ಸಾಲನ್ನೇ. ನಾನು ಕೊಯ್ದೆನಲ್ಲ, ಹಾಗೆ.

(6/6)
ಆ ಐನೂರರಲ್ಲಿ ಇನ್ನೂರ ಮೂವತ್ತು ಸ್ಲೀವ್ ಇನ್ನೂ ನಮ್ಮನೆ ಅಟ್ಟದ ಮೇಲಿವೆ. ಹಿಂಬದಿ ಬಿಳಿ ಇದೆಯಲ್ಲ, ಅಜ್ಜಿ ದಿನಸಿ ಲಿಸ್ಟ್ ಬರೀತಾರೆ. ಬ್ರ್ಯಾಂಡ್ ರೀಚ್ ಅಂದ್ರೆ ಇದೇ.

ಈ ಸಲ ಆಲೆಮನೆ ಸೀಸನ್ನಿಗೆ ಅತ್ತೆ ಮತ್ತೆ ಕೇಳಿದ್ದಾರೆ, "ಡಬ್ಬಿ ಮಾಡ್ಕೊಡ್ತೀಯಾ?" ಅಂತ. ಇನ್ನೊಂದು ಸಲ ನನ್ನನ್ನೇ ಕೇಳಿದ್ರಲ್ಲ ಅಂತ ಒಂದು ನಿಮಿಷ ಮಾತೇ ಬರಲಿಲ್ಲ. ಈ ಸಲ ಮೆರೂನ್ ಇಲ್ಲ. ಬಿಳಿ ಮಾಸಿದ ಕಾರ್ಡು, ಒಂದೇ ಬಣ್ಣದ ಮಡಕೆ, ಮಡಚೋ ಗೆರೆಯ ಹತ್ರ ಬಣ್ಣವೇ ಇಲ್ಲ. ಫಾಯಿಲ್ ಇಲ್ಲ. ಕ್ರೀಸಿಂಗ್ ಇದೆ. ಶೀಟಿಗೆ ಒಂದು ಪೀಸ್ ಕಮ್ಮಿ ಕೂರುತ್ತೆ, ಕೂರಲಿ. ಫೈಲ್ ಕಳಿಸೋ ಮುಂಚೆ ಲೇಔಟನ್ನ ಅಪ್ಪಂಗೆ ತೋರಿಸಿದೆ. ಕನ್ನಡಕ ಏರಿಸಿ ಎರಡು ನಿಮಿಷ ನೋಡಿ, ಒಂದು ಕಡೆ ಅಳತೆ ಅರ್ಧ ಮಿಲಿಮೀಟರ್ ಬಿಡು ಅಂದ್ರು. ಸ್ಲೀವ್ ಡಬ್ಬಿ ಮೇಲೆ ಬಿಗಿಯಾಗಿ ಕೂತ್ರೆ ತೆಗೆಯೋವಾಗ ಒಳಗಿನ ತೊಡದೇವು ಮುರಿಯುತ್ತಂತೆ. ಅದು ನಂಗೆ ಹೊಳೆದೇ ಇರಲಿಲ್ಲ.

ಸ್ಲೀವಿನ ಕೆಳಗಿನ ಅಂಚಲ್ಲಿ ಸಣ್ಣದಾಗಿ ಒಂದು ಸಾಲು ಸೇರಿಸಿದ್ದೀನಿ: ಕಟಿಂಗ್ ಮತ್ತು ಕ್ರೀಸಿಂಗ್ ಯಾರದು ಅಂತ. ಅಪ್ಪಂಗೆ ಇನ್ನೂ ಹೇಳಿಲ್ಲ. ಸ್ಯಾಂಪಲ್ ಶನಿವಾರ ಬರುತ್ತೆ. ಬಂದ ಮೇಲೆ ಇದೇ ಆ್ಯಂಗಲ್ಲಲ್ಲಿ ಮೂಲೆಯ ಕ್ಲೋಸಪ್ ಹಾಕ್ತೀನಿ, ಜೂಮ್ ಮಾಡಿ ಬಿಳಿ ಗೆರೆ ಹುಡುಕಿ. ಸಿಕ್ಕಿದ್ರೆ ಸ್ಕ್ರೀನ್‌ಶಾಟ್ ಕಳಿಸಿ, ನಿಮಗೊಂದು ಡಬ್ಬಿ ತೊಡದೇವು ಫ್ರೀ.

#ಪ್ರೆಸ್ಸಿನಪಾಠ #ತೊಡದೇವು #ಕನ್ನಡಡಿಸೈನ್