ಮೆಡಿಕಲ್ ಶಾಪಿನ ಟ್ಯೂಬು ಫೇಸ್ ಕ್ರೀಮ್ ಅಲ್ಲ

"ಮುಖ ಬೆಳ್ಳಗಾಗೋ ಟ್ಯೂಬ್ ಒಂದು ಕೊಡಿ." ರಾಂಪುರ, ಮೊಳಕಾಲ್ಮುರು, ಚಳ್ಳಕೆರೆ ಕಡೆಯವರಿಗೆ ಈ ಮಾತು ಹೊಸದಲ್ಲ. ಕೇಳುವವರಿಗೆ ನಾಚಿಕೆಯಿಲ್ಲ, ಕೊಡುವವರಿಗೆ ಭಯವಿಲ್ಲ. ಡಾಕ್ಟರ್ ಚೀಟಿ ಎಲ್ಲಿ ಅಂತ ಕೇಳುವವರೂ ಕಡಿಮೆ.

ನಾವು ಈ ಬರಹದಲ್ಲಿ ಯಾರ ಮನಸ್ಸನ್ನೂ ಮೆಚ್ಚಿಸಲು ಹೊರಟಿಲ್ಲ. ಚರ್ಮ ಮತ್ತು ಕೂದಲಿನ ಹೆಸರಲ್ಲಿ ನಮ್ಮೂರುಗಳಲ್ಲಿ ನಡೆಯುತ್ತಿರುವುದು ಸೌಂದರ್ಯವಲ್ಲ, ಸುಳ್ಳಿನ ವ್ಯಾಪಾರ. ಅದಕ್ಕೆ ದುಡ್ಡು ಕೊಡುವವರು ಕೂಲಿಯವರು, ಆರೋಗ್ಯ ಕಳೆದುಕೊಳ್ಳುವವರೂ ಅವರೇ.

ಮೊದಲು ಆ ಟ್ಯೂಬಿನ ವಿಷಯ.

ಮುಖ ಬೆಳ್ಳಗಾಗುತ್ತದೆ ಅಂತ ಕೈಗೆ ಬರುವ ಎಷ್ಟೋ ಟ್ಯೂಬುಗಳಲ್ಲಿ ಇರುವುದು ಸ್ಟೀರಾಯ್ಡ್. ಮೂರು ಹೆಸರು ನೆನಪಿಡಿ: ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್. ಇವು ಕೆಟ್ಟ ಔಷಧಿಗಳಲ್ಲ. ಇಸುಬು, ಸೋರಿಯಾಸಿಸ್ ಮುಂತಾದ ಕಾಯಿಲೆಗಳಿಗೆ ವೈದ್ಯರು ಇಷ್ಟು ದಿನ, ಇಂಥ ಜಾಗಕ್ಕೆ ಅಂತ ಲೆಕ್ಕ ಹಾಕಿ ಕೊಡುವ ಔಷಧಿಗಳು. ಅದನ್ನೇ ಪೌಡರ್ ಹಚ್ಚಿದ ಹಾಗೆ ದಿನಾ ಮುಖಕ್ಕೆ ಹಚ್ಚಿದರೆ ಏನಾಗುತ್ತದೆ?

ಮೊದಲ ಎರಡು ಮೂರು ವಾರ ಮುಖ ತಿಳಿಯಾಗುತ್ತದೆ. ಮೊಡವೆ ಇಳಿಯುತ್ತದೆ. ಪಕ್ಕದ ಮನೆಯವರು "ಏನ್ ಹಚ್ತೀಯೇ?" ಅಂತ ಕೇಳುತ್ತಾರೆ, ಅವರ ಮನೆಗೂ ಟ್ಯೂಬ್ ಹೋಗುತ್ತದೆ. ತಿಂಗಳುಗಳು ಕಳೆದ ಮೇಲೆ ಚರ್ಮ ತೆಳುವಾಗುತ್ತದೆ, ಕೆನ್ನೆ ಮೇಲೆ ಕೆಂಪು ನರಗಳು ಕಾಣುತ್ತವೆ, ಮೊಡವೆ ಮೊದಲಿಗಿಂತ ಜೋರಾಗಿ ಬರುತ್ತದೆ, ಹೆಣ್ಣುಮಕ್ಕಳ ಮುಖದಲ್ಲಿ ಕೂದಲು ಬೆಳೆಯುತ್ತದೆ. ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ. ನಮ್ಮದು ಶೇಂಗಾ ಬೆಳೆಯುವ, ಮಳೆ ಕಡಿಮೆ ಬೀಳುವ ಸೀಮೆ. ಬಿಸಿಲಿಗೆ ಹೋಗದೆ ಇಲ್ಲಿ ಯಾರ ಹೊಟ್ಟೆ ತುಂಬುತ್ತದೆ? ಟ್ಯೂಬ್ ಬಿಟ್ಟರೆ ಮುಖ ಕೆಂಪಾಗಿ ಊದುತ್ತದೆ. ಹಾಗಾಗಿ ಮತ್ತೆ ಟ್ಯೂಬ್. ಕುಡಿತದ ಚಟ ಅಂತೀವಲ್ಲ, ಇದೂ ಅದೇ ದಾರಿ.

ಹುಳುಕಡ್ಡಿ, ಗಜಕರ್ಣದ ಕಥೆಯೂ ಇದೇ. ತೊಡೆಸಂದಿಯಲ್ಲಿ ಕೆರೆತ ಬಂತೆಂದು ಸ್ಟೀರಾಯ್ಡ್ ಬೆರೆಸಿದ ಟ್ಯೂಬ್ ತಂದು ಹಚ್ಚುತ್ತಾರೆ. ಎರಡು ದಿನದಲ್ಲಿ ಕೆರೆತ ನಿಲ್ಲುತ್ತದೆ. ಆದರೆ ಶಿಲೀಂಧ್ರ ಸತ್ತಿರುವುದಿಲ್ಲ. ಚರ್ಮದ ಕಾವಲು ಮಲಗಿದ್ದರಿಂದ ಅದು ಸೊಂಟ, ಹೊಟ್ಟೆ, ಬೆನ್ನಿಗೆ ಹರಡುತ್ತದೆ. ಒಂದೇ ಟವೆಲ್ ಬಳಸುವ ಮನೆಯಲ್ಲಿ ಎಲ್ಲರಿಗೂ ಹತ್ತುತ್ತದೆ. ಆಮೇಲೆ ತಿಂಗಳುಗಟ್ಟಲೆ ಮಾತ್ರೆ.

ಕಾನೂನು ಇಲ್ಲವೇ? ಇದೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಚರ್ಮವೈದ್ಯರ ಸಂಘವೂ ಈ ದುರ್ಬಳಕೆ ವಿರುದ್ಧ ವರ್ಷಗಳಿಂದ ಕೂಗುತ್ತಿದೆ. ಟ್ಯೂಬಿನ ಮೇಲೆ ಎಚ್ಚರಿಕೆ ಅಚ್ಚಾಗಿಯೇ ಇರುತ್ತದೆ, ಆದರೆ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ನಮ್ಮ ಬ್ರಹ್ಮಗಿರಿಯ ಬಂಡೆ ಮೇಲೆ ಅಶೋಕ ಕೆತ್ತಿಸಿದ ಅಕ್ಷರ ಎರಡು ಸಾವಿರ ವರ್ಷ ದಾಟಿದರೂ ಉಳಿದಿದೆ. ಕೈಯಲ್ಲಿರುವ ಟ್ಯೂಬಿನ ಅಕ್ಷರ ಮಾತ್ರ ನಮಗೆ ಕಾಣುವುದಿಲ್ಲ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗ ಮಗಳಿದ್ದರೆ ಓದಿಸಿ.

ಇದಕ್ಕಿಂತ ಕೆಟ್ಟದ್ದು, ಹೆಸರು ವಿಳಾಸ ಇಲ್ಲದ ಡಬ್ಬಿ ಕ್ರೀಮುಗಳು. ಇಂಥ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ ಕಿಡ್ನಿ ತೊಂದರೆಯಾಗಿ ಬಂದವರನ್ನು ವೈದ್ಯರು ವಿಚಾರಿಸಿದಾಗ ಹೊರಬಿದ್ದದ್ದು ಮುಖ ಬೆಳ್ಳಗಾಗುವ ಕ್ರೀಮ್. ಹಚ್ಚಿದ್ದು ಮುಖಕ್ಕೆ, ಹೊಡೆದದ್ದು ಕಿಡ್ನಿಗೆ.

ಬಣ್ಣದ ಹುಚ್ಚು ಹೊಟ್ಟೆಯಲ್ಲಿರುವ ಮಗುವನ್ನೂ ಬಿಟ್ಟಿಲ್ಲ

ನಮಗೆ ಹೆಚ್ಚು ಸಿಟ್ಟು ಬರುವುದು ಇಲ್ಲಿ.

ಬಸುರಿಗೆ ಕೇಸರಿ ಹಾಲು ಕುಡಿಸಿದರೆ ಮಗು ಬೆಳ್ಳಗೆ ಹುಟ್ಟುತ್ತದೆ ಅಂತಾರೆ. ಹುಟ್ಟುವುದಿಲ್ಲ. ಮಗುವಿನ ಬಣ್ಣ ಅಪ್ಪ ಅಮ್ಮನ ರಕ್ತಸಂಬಂಧದಿಂದ ಬರುತ್ತದೆ, ಡಬ್ಬಿಯಿಂದ ಬರುವುದಿಲ್ಲ. ಹಾಲು ಒಳ್ಳೆಯದು, ಕುಡಿಯಲಿ. ಕೇಸರಿಯ ದುಡ್ಡಿಗೆ ಎಷ್ಟು ಮೊಟ್ಟೆ, ಎಷ್ಟು ಕಾಳು ಬರುತ್ತದೆ ಅಂತ ಲೆಕ್ಕ ಹಾಕಿ.

ಅದರ ಜೊತೆಗೇ ಇನ್ನೊಂದು ಮಾತು ಓಡಾಡುತ್ತದೆ: "ಕಬ್ಬಿಣದ ಮಾತ್ರೆ ತಗೊಂಡ್ರೆ ಮಗು ಕಪ್ಪಾಗುತ್ತೆ." ಮಾತ್ರೆ ತಿಂದಾಗ ಮಲ ಕಪ್ಪಾಗುತ್ತದೆ, ನಿಜ. ಅದು ಹೀರದೆ ಉಳಿದ ಕಬ್ಬಿಣಾಂಶ ಹೊರಗೆ ಹೋಗುವ ಬಣ್ಣ. ಮಗುವಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಈ ಒಂದು ಮಾತು ನಂಬಿ, ಸರ್ಕಾರ ಉಚಿತವಾಗಿ ಕೊಡುವ 180 ಮಾತ್ರೆಗಳನ್ನು ಗೂಡಿನಲ್ಲಿಟ್ಟು ಮರೆಯುವವರಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆ ಇರುವ ತಾಯಿಗೆ ಹೆರಿಗೆಯಲ್ಲಿ ರಕ್ತಸ್ರಾವವಾದರೆ ಜೀವ ಉಳಿಸಿಕೊಳ್ಳುವುದು ಕಷ್ಟ. ಬಣ್ಣಕ್ಕೆ ಹೆದರಿ ಜೀವ ಪಣಕ್ಕಿಡುವುದು ಯಾವ ಸಂಪ್ರದಾಯ?

ಕೂದಲಿಗೂ ಇದೇ ಗಂಟು

ಈಗ ಲೆಕ್ಕ ಜೋಡಿಸಿ. ಕಬ್ಬಿಣಾಂಶ ಕಡಿಮೆಯಾದರೆ ಕೂದಲು ಉದುರುತ್ತದೆ. ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ ಉದುರುತ್ತದೆ. ಟೈಫಾಯ್ಡ್, ಡೆಂಗಿಯಂಥ ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೂ ಉದುರುತ್ತದೆ. ಥೈರಾಯ್ಡ್ ಇದ್ದರೂ ಉದುರುತ್ತದೆ. ನಾವು ಮಾತ್ರ ಬೈಯುವುದು ಬೋರ್‌ವೆಲ್ ನೀರಿಗೆ, ಕೊಳ್ಳುವುದು ಮೊಬೈಲಿನಲ್ಲಿ ನೋಡಿದ ಎಣ್ಣೆ. ಮಾತ್ರೆ ಬಿಟ್ಟದ್ದಕ್ಕೆ ಕೂದಲು ಉದುರಿತು, ಉದುರಿದ್ದಕ್ಕೆ ಸಾವಿರ ರೂಪಾಯಿ ಎಣ್ಣೆ ಬಂತು. ಪುಕ್ಕಟೆ ಮಾತ್ರೆ ಗೂಡಿನಲ್ಲೇ ಉಳಿಯಿತು.

ಗಡಸು ನೀರಿಗೆ ಸೋಪು ನೊರೆ ಬರುವುದಿಲ್ಲ, ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ. ಅದು ನಿಜ. ಆದರೆ ತಲೆ ಬೋಳಾಗುವುದಕ್ಕೆ ನೀರು ಕಾರಣ ಅಲ್ಲ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಸಹಜ.

ಎಣ್ಣೆ ಬೇಡ ಅಂತ ನಾವು ಹೇಳುತ್ತಿಲ್ಲ. ಚಳ್ಳಕೆರೆಯ ಎಣ್ಣೆ ಗಿರಣಿಗಳ ಪಕ್ಕದಲ್ಲಿ ಬೆಳೆದವರು ಎಣ್ಣೆಯನ್ನು ಬೈಯುವುದುಂಟೇ? ಕೊಬ್ಬರಿ ಎಣ್ಣೆ ಹಚ್ಚಿದರೆ ಕೂದಲು ತುಂಡಾಗುವುದು ಕಡಿಮೆಯಾಗುತ್ತದೆ. ಅಷ್ಟೇ ಅದರ ಕೆಲಸ. ಹೊರಗೆ ಕಾಣುವ ಕೂದಲು ಜೀವವಿಲ್ಲದ ಎಳೆ, ಅದಕ್ಕೆ ಊಟ ಹಾಕಲು ಬರುವುದಿಲ್ಲ. ಕಾಡಿನ 108 ಬೇರು ಹಾಕಿದೆ, ಬೋಳು ತಲೆಯಲ್ಲೂ ಕೂದಲು ಬರುತ್ತದೆ ಅನ್ನುವ ವಿಡಿಯೊ ಬಂದರೆ ಒಂದು ವಿಷಯ ನೆನಪಿಡಿ: ಬೋಳುತಲೆ ವಾಸಿ ಮಾಡುತ್ತೇವೆ, ಹೊಸ ಕೂದಲು ಬೆಳೆಸುತ್ತೇವೆ ಅಂತ ಔಷಧಿ ಹೆಸರಲ್ಲಿ ಹೇಳಿಕೊಳ್ಳಬಾರದು ಅಂತ ಔಷಧಿ ನಿಯಮಗಳ ಶೆಡ್ಯೂಲ್ ಜೆ ಹೇಳುತ್ತದೆ. ನಟ ನಟಿಯರು ಹೇಳಿದರೂ ಎಣ್ಣೆ ಎಣ್ಣೆಯೇ.

ಹೊಟ್ಟಿಗೆ ಎಣ್ಣೆ ಸುರಿಯುವುದು ಇನ್ನೊಂದು ತಪ್ಪು. ತಲೆಹೊಟ್ಟು ಒಣಗಿದ್ದಕ್ಕೆ ಬರುವುದಲ್ಲ. ತಲೆಯ ಜಿಡ್ಡನ್ನೇ ತಿಂದು ಬದುಕುವ ಒಂದು ಬಗೆಯ ಶಿಲೀಂಧ್ರ ಅದಕ್ಕೆ ದಾರಿ. ಎಣ್ಣೆ ಹಾಕಿದಷ್ಟೂ ಅದಕ್ಕೆ ಹಬ್ಬ.

ಮಗುವಿನ ತಲೆ ಬೋಳಿಸಿದರೆ ಕೂದಲು ದಪ್ಪ ಬರುವುದಿಲ್ಲ. ಹರಕೆ ಇದ್ದರೆ ಮುಡಿ ಕೊಡಿ, ಅದು ನಿಮ್ಮ ಭಕ್ತಿ. ಕೂದಲಿನ ಬೇರು ಚರ್ಮದ ಒಳಗಿದೆ, ಕತ್ತಿ ಅಲ್ಲಿಗೆ ಮುಟ್ಟುವುದಿಲ್ಲ.

ಹೇನಿಗೆ ಸೀಮೆಎಣ್ಣೆ, ಹೊಲಕ್ಕೆ ಹೊಡೆಯುವ ಔಷಧಿ ಹಾಕುವುದನ್ನಂತೂ ಇವತ್ತೇ ನಿಲ್ಲಿಸಿ. ಒಂದು ಬೆಂಕಿ, ಇನ್ನೊಂದು ವಿಷ. ಕೀಟನಾಶಕ ತಲೆಯ ಚರ್ಮದ ಮೂಲಕವೇ ಮೈಯೊಳಗೆ ಇಳಿಯುತ್ತದೆ. ಹೇನಿಗೆ ಲೋಷನ್ ಇದೆ, ಸಣ್ಣ ಹಲ್ಲಿನ ಬಾಚಣಿಗೆ ಇದೆ.

ಮಚ್ಚೆ ಕಂಡರೆ ಬಾಗಿಲು ಹಾಕಬೇಡಿ

ತೊನ್ನು ಅಂಟುರೋಗವಲ್ಲ. ಮೀನು ತಿಂದು ಹಾಲು ಕುಡಿದರೆ ಬರುವುದೂ ಅಲ್ಲ. ಜೊತೆಗೆ ಊಟ ಮಾಡಿದರೆ, ಮದುವೆಯಾದರೆ ಹತ್ತುವುದಿಲ್ಲ. ಆದರೂ ಬೆರಳ ತುದಿಯಲ್ಲಿ ಬಿಳಿ ಚುಕ್ಕೆ ಇದೆ ಅಂತ ನಿಶ್ಚಿತಾರ್ಥ ಮುರಿಯುತ್ತೇವೆ.

ಕುಷ್ಠ ಬೇರೆ. ತಿಳಿ ಬಣ್ಣದ ಮಚ್ಚೆ, ಅಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲ, ಚುಚ್ಚಿದರೆ ನೋವಿಲ್ಲ ಎಂದರೆ ಕ್ರೀಮ್ ಹಚ್ಚಿ ಮುಚ್ಚಿಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪೂರ್ತಿ ಉಚಿತ, ಪೂರ್ತಿ ವಾಸಿಯಾಗುತ್ತದೆ. ತಡ ಮಾಡಿದರೆ ಬೆರಳು ಸೊಟ್ಟಗಾಗುತ್ತದೆ, ಅದು ಔಷಧಿಯಿಂದ ನೆಟ್ಟಗಾಗುವುದಿಲ್ಲ.

ಸರ್ಪಸುತ್ತು ಹಾವಿನ ದೋಷವಲ್ಲ. ಚಿಕ್ಕಂದಿನಲ್ಲಿ ಬಂದ ಸಿಡುಬಿನಂಥ ಗುಳ್ಳೆ, ಅಂದರೆ ಚಿಕನ್‌ಪಾಕ್ಸ್ ವೈರಸ್ ನರದಲ್ಲಿ ಮಲಗಿದ್ದು ಎದ್ದು ಬರುವುದು. ಹೆಡೆ ಬಾಲ ಕೂಡಿದರೆ ಸಾವು ಅನ್ನುವುದು ಸುಳ್ಳು. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರು ಮಾಡಿದರೆ ಒಳ್ಳೆಯದು. ನಾವು ಆ ಮೂರು ದಿನವನ್ನೇ ಜಾಜು ಬರೆಸಲು ಕಳೆಯುತ್ತೇವೆ. ಕಣ್ಣಿನ ಹತ್ತಿರ ಬಂದಿದ್ದರೆ ಒಂದು ಗಂಟೆಯೂ ಕಾಯಬೇಡಿ.

"ಹೇಳೋದು ಸುಲಭ, ಡಾಕ್ಟರ್ ಎಲ್ಲಿ?"

ಈ ಪ್ರಶ್ನೆ ನ್ಯಾಯವಾದದ್ದು. ಹಳ್ಳಿಯಲ್ಲಿ ಚರ್ಮದ ತಜ್ಞರಿಲ್ಲ. ರಾಂಪುರದವರಿಗೆ ಜಿಲ್ಲಾ ಕೇಂದ್ರ ಚಿತ್ರದುರ್ಗಕ್ಕಿಂತ ಬಳ್ಳಾರಿಯೇ ಹತ್ತಿರ. ಎಲ್ಲಿಗೆ ಹೋದರೂ ಒಂದು ದಿನದ ಕೂಲಿ ಹೋಯಿತು. ಟ್ಯೂಬ್ ಗೆಲ್ಲುವುದು ಇಲ್ಲೇ, ಅದು ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಸಿಗುತ್ತದೆ. ಆದ್ದರಿಂದ ಬರೀ ಜನರನ್ನು ಬೈದು ಮುಗಿಸುವುದು ನಮ್ಮ ಉದ್ದೇಶವಲ್ಲ.

ಆರೋಗ್ಯ ಕೇಂದ್ರದಲ್ಲಿ ಇ-ಸಂಜೀವಿನಿ ಮೂಲಕ ವಿಡಿಯೊದಲ್ಲೇ ತಜ್ಞರನ್ನು ಕಾಣುವ ವ್ಯವಸ್ಥೆ ಸರ್ಕಾರದ್ದೇ ಇದೆ, ಉಚಿತ. ನಮ್ಮ ಕೇಂದ್ರದಲ್ಲಿ ಯಾವ ದಿನ, ಎಷ್ಟು ಗಂಟೆಗೆ ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳಿ, ಬೋರ್ಡ್ ಹಾಕಿಸಿ. ಚೀಟಿ ಇಲ್ಲದೆ ಸ್ಟೀರಾಯ್ಡ್ ಮಾರುವ ಅಂಗಡಿಗಳನ್ನು ಔಷಧ ನಿಯಂತ್ರಣ ಅಧಿಕಾರಿಗಳು ಬಂದು ನೋಡಬೇಕು. ವರ್ಷಕ್ಕೊಮ್ಮೆ ಅಲ್ಲ, ಹೇಳದೆ ಕೇಳದೆ ಬರಬೇಕು. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿರುವವರು ಹೆದರಿ ಟ್ಯೂಬ್ ಎಸೆದು ಸುಮ್ಮನಾಗಬೇಡಿ. ಅದನ್ನೇ ಕೈಯಲ್ಲಿ ಹಿಡಿದು ವೈದ್ಯರ ಹತ್ತಿರ ಹೋಗಿ, ಹೇಗೆ ಬಿಡಬೇಕೆಂದು ಅವರು ಹೇಳುತ್ತಾರೆ.

ಇನ್ನು ಬಣ್ಣದ ಮಾತು. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಕಿತ್ತು 'ಗ್ಲೋ' ಅಂತ ಹಾಕಿಕೊಂಡಿತು. ಕಂಪನಿಗೇ ಆ ಪದ ಹೇಳಲು ಮುಜುಗರವಾಯಿತು. ಹೆಣ್ಣು ನೋಡಲು ಹೋಗುವ ನಮಗೆ ಇನ್ನೂ ಆಗಿಲ್ಲ. "ಹುಡುಗಿ ಚೆನ್ನಾಗಿದಾಳೆ, ಆದ್ರೆ ಸ್ವಲ್ಪ ಕಪ್ಪು" ಅನ್ನುವ ಆ 'ಆದ್ರೆ' ಇರುವವರೆಗೆ ಟ್ಯೂಬಿನ ವ್ಯಾಪಾರ ನಿಲ್ಲುವುದಿಲ್ಲ. ಕಪ್ಪು ಬಣ್ಣ ಕೊಳೆಯಲ್ಲ, ರೋಗವಲ್ಲ. ಈ ಬಿಸಿಲಿನಲ್ಲಿ ಹೊಲ ಮಾಡುವವರ ಚರ್ಮವನ್ನು ಸುಡದಂತೆ ಕಾಯುವುದೇ ಆ ಬಣ್ಣ.

ಅಂಗಡಿಯವರಿಗೆ ನಮ್ಮ ಮಾತು: ಚೀಟಿ ಕೇಳಿ. ಅತ್ತೆ ಮಾವಂದಿರಿಗೆ ನಮ್ಮ ಮಾತು: ಸೊಸೆಯ ಬಣ್ಣ ನೋಡಬೇಡಿ, ರಕ್ತದ ರಿಪೋರ್ಟ್ ನೋಡಿ. ಆಶಾ ಅಕ್ಕ ಕೊಟ್ಟ ಮಾತ್ರೆ ಗೂಡಿನಲ್ಲಿದ್ದರೆ, ಇವತ್ತು ರಾತ್ರಿ ಊಟವಾದ ಮೇಲೆ ಅದನ್ನು ತೆಗೆದುಕೊಡಿ.